ಸೆಲ್ವರಾಜ್ ಸಾರ್ ಕಾರಿಗೆ ಹಾಕಿದ ವೂಫರ್

ಕಾರಿನ ಡಿಕ್ಕಿಯೊಳಗೆ ತಲೆ ತೂರಿಸಿಕೊಂಡೇ ನನ್ನ ಅರ್ಧ ಆಯಸ್ಸು ಕಳೆದಿದೆ. ಈಗ ಸೊಂಟ ಬಗ್ಗುವುದಿಲ್ಲ, ಕೆಲಸ ಬಿಟ್ಟಿದ್ದೇನೆ. ಕೆ.ಆರ್. ಪುರದಲ್ಲಿ ಕಾರ್ ಆಕ್ಸೆಸರೀಸ್ ಅಂಗಡಿ ಇಟ್ಟಿರುವ ನನ್ನ ತಂಗಿಯ ಮಗ, "ಮಾವ, ಹೊಸದಾಗಿ ಸೇರಿದೋರಿಗೆ ಬಂದು ಸ್ವಲ್ಪ ಹೇಳ್ಕೊಡಿ" ಅಂತ ಕರೆದಿದ್ದ. ಹೋಗಿ ನೋಡಿದರೆ ಅವರಿಗೆ ನಾನು ಹೇಳಿಕೊಡುವಂಥದ್ದು ಏನೂ ಉಳಿದಿರಲಿಲ್ಲ. ಎಲ್ಲಾ ಪ್ಲಗ್ಗು, ಸಾಕೆಟ್ಟು. ವೈರನ್ನು ಹಲ್ಲಲ್ಲಿ ಕಚ್ಚಿ ಸುಲಿಯುವವರು ಯಾರೂ ಇಲ್ಲ. ದಪ್ಪ ದನಿ ಕೊಡುವ ವೂಫರು, ಅದಕ್ಕೆ ಬಲ ತುಂಬುವ ಆಂಪು, ಎರಡೂ ಒಂದೇ ಡಬ್ಬದಲ್ಲಿ ಬರುತ್ತವೆ, ಸೀಟಿನ ಕೆಳಗೆ ತಳ್ಳಿದರೆ ಆಯಿತು. ಹಾಗಾಗಿ ವೈರಿನ ವಿಷಯ ಬಿಟ್ಟು, ಆ ಕೆಲಸದಲ್ಲಿ ನನಗೆ ಸಿಕ್ಕ ಜನರ ವಿಷಯ ಬರೆಯುತ್ತೇನೆ. ಅದರಲ್ಲೂ ಇಬ್ಬರದ್ದು.

ನಾನು ದೊಮ್ಮಲೂರಿನವನು. ನಮ್ಮಪ್ಪನ ಗದ್ದೆ ಲೇಔಟಿಗೆ ಹೋದಮೇಲೆ ಮನೆಯಲ್ಲಿ ಎಲ್ಲರೂ ಬೇರೆ ಬೇರೆ ಕಸುಬು ಹುಡುಕಿಕೊಳ್ಳಬೇಕಾಯಿತು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಮುಗಿಸಿ, ತೊಂಬತ್ತರ ದಶಕದ ಶುರುವಿನಲ್ಲಿ ಶಿವಾಜಿನಗರದ ರಫೀಕ್ ಭಾಯ್ ಅಂಗಡಿ ಸೇರಿದೆ. ಕಾರ್ ಸ್ಟೀರಿಯೊ ಅಂಗಡಿ ಅಂದರೆ ಒಂದು ಶಟರು, ಮುಂದೆ ಎರಡು ಕಾರು ನಿಲ್ಲುವಷ್ಟು ಜಾಗ. ಮಳೆ ಬಂದರೆ ಕೆಲಸ ನಿಂತುಬಿಡುತ್ತಿತ್ತು. ರಫೀಕ್ ಭಾಯ್ ಕೋಪಿಷ್ಠ. ಆದರೆ ಆ ಕೋಪ ಚಹಾ ಬರುವವರೆಗೆ ಮಾತ್ರ. ಯಾವ ಕಾರು ಮುಗಿಸಿದರೂ ಡಿಕ್ಕಿ ಮುಚ್ಚಿ ಅದರ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿಕೊಳ್ಳುತ್ತಿದ್ದ. "ಡಿಕ್ಕಿ ನಡುಗಬಾರದು ಮುನಿರಾಜು. ಡಿಕ್ಕಿ ನಡುಗಿದ್ರೆ ಬಾಸ್ ಅಲ್ಲ ಅದು, ಬರೀ ತಗಡು" ಅನ್ನುತ್ತಿದ್ದ.

ಮೊದಮೊದಲು ನಾನು ಮಾಡಿಕೊಂಡ ಎಡವಟ್ಟುಗಳಿಗೆ ಲೆಕ್ಕವಿಲ್ಲ. ಒಬ್ಬರು ಡಾಕ್ಟರ ಕಾರಿಗೆ ಆಂಪ್ ಹಾಕಿ ಕಳಿಸಿದ್ದೆ. ಮಾರನೇ ದಿನ ವಾಪಸ್ ಬಂದು, "ಏನ್ರೀ ಇದು, ಆಕ್ಸಿಲರೇಟರ್ ತುಳಿದ್ರೆ ಸೊಳ್ಳೆ ಹಾಡುತ್ತೆ, ಜೋರಾಗಿ ತುಳಿದ್ರೆ ಸೊಳ್ಳೆನೂ ಜೋರಾಗಿ ಹಾಡುತ್ತೆ" ಅಂದರು. ನಿಜ. ಬ್ಯಾಟರಿಯಿಂದ ಬರುವ ದಪ್ಪ ವೈರನ್ನೂ, ಹಾಡು ತರುವ ಸಣ್ಣ ವೈರನ್ನೂ ಒಟ್ಟಿಗೆ ಕಟ್ಟಿ ಒಂದೇ ಕಡೆಯಿಂದ ಎಳೆದಿದ್ದೆ. ಎಂಜಿನ್ನಿನ ಕರೆಂಟು ಹಾಡಿನೊಳಗೆ ನುಗ್ಗಿತ್ತು. ರಫೀಕ್ ಭಾಯ್ ಕಾರ್ಪೆಟ್ಟೆಲ್ಲಾ ಕಿತ್ತು ಹಾಕಿ, ಒಂದು ವೈರನ್ನು ಎಡಗಡೆಗೆ, ಇನ್ನೊಂದನ್ನು ಬಲಗಡೆಗೆ ನನ್ನ ಕೈಯಲ್ಲೇ ಎಳೆಸಿದ. ಸೊಳ್ಳೆ ಹೋಯಿತು. ಆಮೇಲೆ ಎಷ್ಟೋ ದಿನ ಅಂಗಡಿಯಲ್ಲಿ ನನ್ನ ಹೆಸರು ಮಚ್ಛರ್ ಅಂತಲೇ ಇತ್ತು.

ಮಹದೇವಪುರದ ಕಡೆಯ ಜಮೀನ್ದಾರರ ಮಗನೊಬ್ಬ ಬಂದಿದ್ದ. ಅವನಿಗೆ ಡಿಕ್ಕಿ ತುಂಬ ವೂಫರೇ ಇರಬೇಕು. ಸ್ಟೆಪ್ನಿ ಇಡೋಕೂ ಜಾಗ ಇಲ್ಲ ಅಂದರೆ, "ಸ್ಟೆಪ್ನಿ ಮನೇಲಿರ್ಲಿ ಗುರು" ಅಂದ. ವಾರ ಕಳೆಯುವುದರೊಳಗೆ ರಿಂಗ್ ರೋಡಿನಲ್ಲಿ ಟೈರು ಪಂಕ್ಚರ್ ಆಗಿ, ನಡುಬಿಸಿಲಲ್ಲಿ ನಿಂತುಕೊಂಡು ಅಂಗಡಿಗೆ ಫೋನ್ ಮಾಡಿ ನಮ್ಮನ್ನೇ ಬೈದ. ಇಂಥವು ಇನ್ನೂ ಇವೆ. ನೆನೆಸಿಕೊಂಡರೆ ನಗು ಬರುತ್ತದೆ, ಅಲ್ಲಿಗೆ ಮುಗಿಯುತ್ತದೆ. ಮುಗಿಯದೆ ಉಳಿದಿರುವುದು ಸೆಲ್ವರಾಜ್ ಸಾರ್ ಕಾರಿನ ಕೆಲಸ.

ಎರಡು ಸಾವಿರದ ಆಸುಪಾಸಿನಲ್ಲಿ ನಮ್ಮ ಕಸುಬಿನ ರೀತಿ ಬದಲಾಯಿತು. ಅದಕ್ಕೆ ಮುಂಚೆ ಕಾರುಗಳು ಬೋಳಾಗಿ ಬರುತ್ತಿದ್ದವು, ಸ್ಟೀರಿಯೊ ನಾವೇ ಕೂರಿಸುತ್ತಿದ್ದೆವು. ಆಮೇಲಾಮೇಲೆ ಕಂಪನಿಯೇ ಸ್ಟೀರಿಯೊ ಹಾಕಿ ಕಳಿಸತೊಡಗಿತು. ಅದನ್ನು ಕಿತ್ತರೆ ಗ್ಯಾರಂಟಿ ಹೋಗುತ್ತದೆ ಅಂತ ಗಿರಾಕಿಗಳಿಗೆ ಭಯ. ಆ ಸ್ಟೀರಿಯೊದಲ್ಲಿ ಮಾತು ಚೆನ್ನಾಗಿ ಕೇಳುತ್ತಿತ್ತು, ಹಾಡೂ ಪರವಾಗಿಲ್ಲ, ಬಾಸ್, ಅಂದರೆ ಹಾಡಿನ ಅಡಿಯ ದಪ್ಪ ದನಿ, ಮಾತ್ರ ಇರುತ್ತಿರಲಿಲ್ಲ. ಆಂಪ್ ಸಿಕ್ಕಿಸಲು ಹಿಂದೆ ತೂತೂ ಇರುತ್ತಿರಲಿಲ್ಲ. ಹಿಂದಿನ ಸ್ಪೀಕರಿಗೆ ಹೋಗುವ ವೈರನ್ನು ನಡುವೆ ಸುಲಿದು, ಒಂದು ಸಣ್ಣ ಕನ್ವರ್ಟರ್ ಮೂಲಕ ಹಾಡನ್ನು ಆಂಪಿಗೆ ಕದ್ದು ತರಬೇಕಿತ್ತು. ಬ್ಯಾಟರಿ ಪಕ್ಕದಲ್ಲೇ ಫ್ಯೂಸು. ಡಿಕ್ಕಿಯೊಳಗೆ ಬಣ್ಣ ಕೆರೆದು, ಹೊಳೆಯುವ ಕಬ್ಬಿಣಕ್ಕೆ ಅರ್ತ್. ಇಷ್ಟು ಸರಿಯಾಗಿದ್ದರೆ ಕಂಪನಿ ಸ್ಟೀರಿಯೊಗೂ ಹೊಟ್ಟೆಯಿಂದ ದನಿ ಬರುತ್ತಿತ್ತು.

ಸೆಲ್ವರಾಜ್ ಸಾರ್ ಬಂದಾಗ ಅವರ ಕಾರಿನ ಸೀಟಿನ ಪ್ಲಾಸ್ಟಿಕ್ಕು ಕೂಡ ತೆಗೆದಿರಲಿಲ್ಲ. ಹಲಸೂರಿನವರು. ಸರ್ಕಾರಿ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದು, ಸ್ವಯಂ ನಿವೃತ್ತಿ ತೆಗೆದುಕೊಂಡು ಆ ಸಣ್ಣ ಕಾರು ಕೊಂಡಿದ್ದರು. ಇಸ್ತ್ರಿ ಮಾಡಿದ ಷರಟು, ಎಣ್ಣೆ ಹಾಕಿ ಬಾಚಿದ ಕ್ರಾಪು. ಎಡಗೈಯ ಎರಡು ಬೆರಳು ಕೋಲಿನ ಹಾಗೆ ನೆಟ್ಟಗೆ ನಿಂತಿದ್ದವು, ಮಡಿಸಲು ಆಗುತ್ತಿರಲಿಲ್ಲ.

"ಸ್ಟೀರಿಯೊ ಮುಟ್ಬೇಡಿ. ಬಾಸ್ ಮಾತ್ರ ಬರ್ಬೇಕು" ಅಂದರು.

"ಎಂಥ ಹಾಡು ಕೇಳ್ತೀರಾ ಸಾರ್? ಅದಕ್ಕೆ ತಕ್ಕ ವೂಫರ್ ಬಾಕ್ಸ್ ಹಾಕ್ಬೇಕು."

"ಒಂದೇ ಕ್ಯಾಸೆಟ್ಟು" ಅಂತ ಜೇಬಿನಿಂದ ತೆಗೆದು ಕೊಟ್ಟರು. ನೋಡಿದರೆ ಅಮ್ಮನವರ ಭಕ್ತಿಗೀತೆ.

ರಫೀಕ್ ಭಾಯ್ ನಕ್ಕುಬಿಟ್ಟ. "ಸಾಬ್, ಭಜನೆಗೆ ವೂಫರ್ರಾ?"

"ಅದರಲ್ಲಿ ಬಾಸ್ ಗಿಟಾರ್ ನುಡಿಸಿರೋನು ನಾನೇ" ಅಂದರು ಅವರು. ಕ್ಯಾಸೆಟ್ಟಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ವಾದ್ಯದವರ ಹೆಸರುಗಳು. ಕೊನೆಯಲ್ಲಿ ಅವರದ್ದು. ರಫೀಕ್ ಭಾಯ್ ನಗು ನಿಲ್ಲಿಸಿ ಅವರಿಗೆ ಸ್ಟೂಲು ಎಳೆದುಕೊಟ್ಟ.

ನಾನು ವೈರ್ ಎಳೆಯುತ್ತಾ ಇದ್ದರೆ ಅವರು ಸ್ಟೂಲಿನ ಮೇಲೆ ಕೂತು ತಮ್ಮ ಕಥೆ ಹೇಳಿದರು. ಹಗಲು ಕಾರ್ಖಾನೆ, ಸಂಜೆ ಆರ್ಕೆಸ್ಟ್ರಾ. ಗಣೇಶನ ಹಬ್ಬದಿಂದ ಹಿಡಿದು ರಾಜ್ಯೋತ್ಸವದ ತನಕ ಮನೆಯಲ್ಲಿ ಊಟ ಮಾಡಿದ ದಿನಗಳೇ ಕಡಿಮೆ. ಹೊಳೆಯುವ ಷರಟು ಹಾಕಿಕೊಂಡು ಸ್ಟೇಜಿನ ಹಿಂದಿನ ಸಾಲಿನಲ್ಲಿ, ಡ್ರಮ್ಮಿನ ಪಕ್ಕ ನಿಲ್ಲುತ್ತಿದ್ದರಂತೆ. ಜನ ಹಾಡುವವರನ್ನು ನೋಡುತ್ತಾರೆ, ಕೀಬೋರ್ಡಿನವನನ್ನೂ ನೋಡುತ್ತಾರೆ, ಬಾಸ್ ಗಿಟಾರಿನವನನ್ನು ಯಾರು ನೋಡುತ್ತಾರೆ? ಆಮೇಲೊಂದು ದಿನ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿಗೆ ಕೈ ಸಿಕ್ಕಿ ಬೆರಳುಗಳು ಹಾಗಾದವು. ಗಿಟಾರು ಮಾರಿದರು.

"ನಿಮ್ಮ ಮನೆಯವರು ಕಾರ್ಯಕ್ರಮಕ್ಕೆ ಬರ್ತಿದ್ರಾ ಸಾರ್?" ಸುಮ್ಮನೆ ಮಾತಿಗೆ ಕೇಳಿದೆ.

"ಸರೋಜನಾ? ಒಂದಿನಾನೂ ಇಲ್ಲ. ನಮ್ಮಮ್ಮ ಇದ್ರು ಮನೇಲಿ. ಬೀದೀಲಿ ನಿಂತು ಆರ್ಕೆಸ್ಟ್ರಾ ನೋಡೋದು ಅವ್ರಿಗೆ ಸರಿ ಬರ್ತಿರ್ಲಿಲ್ಲ." ನೆಟ್ಟಗೆ ನಿಂತ ಬೆರಳುಗಳನ್ನು ಸವರಿಕೊಳ್ಳುತ್ತಾ ಹೇಳಿದರು: "ಮನೇಲಿ ಪ್ರಾಕ್ಟೀಸ್ ಮಾಡೋವಾಗ ನನ್ಹತ್ರ ಆಂಪ್ ಇರ್ಲಿಲ್ಲ ರಾಜು. ಬಾಸ್ ಗಿಟಾರ್ಗೆ ಆಂಪ್ ಇಲ್ದಿದ್ರೆ ತಂತಿ ಟಿಕ್ ಟಿಕ್ ಅನ್ನುತ್ತೆ ಅಷ್ಟೇ. ಅವಳು ಕೇಳಿರೋದು ಅದೊಂದೇ. ಇದಕ್ಕಾ ನಿಮ್ಮನ್ನ ಕರೀತಾರೆ ಅಂತ ನಗ್ತಿದ್ಲು. ಮನೇಲಿರೋ ಚಿಕ್ಕ ಟೇಪ್ ರೆಕಾರ್ಡರಲ್ಲಿ ಹಾಕಿದ್ರೂ ಬಾಸ್ ಬರಲ್ಲ. ಅಷ್ಟು ವರ್ಷ ಎಲ್ಲಿ ಹೋಗ್ತಿದ್ದೆ, ಏನ್ ಮಾಡ್ತಿದ್ದೆ ಅಂತ ಒಂದ್ಸಲ ಅವಳಿಗೆ ಕೇಳಿಸ್ಬೇಕು."

ಸಂಜೆ ಹೊತ್ತಿಗೆ ಕೆಲಸ ಮುಗಿಯಿತು. ಮೊದಲು ಅಂಗಡಿಯ ಟೆಸ್ಟ್ ಕ್ಯಾಸೆಟ್ಟು ಹಾಕಿದೆ. ಬಾಸ್ ದುಮ್ಮಂತ ಎದೆಗೆ ಬಂತು. ಸೆಲ್ವರಾಜ್ ಸಾರ್ ಕಣ್ಣು ಮುಚ್ಚಿ ತಲೆಯಾಡಿಸಿದರು. ಆಮೇಲೆ ತಮ್ಮ ಕ್ಯಾಸೆಟ್ಟನ್ನು ತಾವೇ ಹಾಕಿದರು. ಗಾಯಕಿಯ ದನಿ ಬಂತು, ಕೊಳಲು ಬಂತು, ತಾಳ ಬಂತು. ಹಿಂದಿನ ಬಾಕ್ಸಿನಿಂದ ಏನೂ ಬರಲಿಲ್ಲ.

ಕ್ಯಾಸೆಟ್ಟು ಹಳೆಯದಾಗಿದೆ ಸಾರ್ ಅಂದೆ. ಇಲ್ಲ, ಇದು ಇವತ್ತೇ ಸೀಲ್ ಒಡೆದಿದ್ದು, ಆಗ ಕೊಂಡಿದ್ದರಲ್ಲಿ ಕೆಲವನ್ನು ತೆಗೆದಿಟ್ಟಿದ್ದೇನೆ ಅಂದರು. ಹಾಗಾದರೆ ನನ್ನ ಕೆಲಸದಲ್ಲೇ ಏನೋ ಕೊರತೆ ಇದೆ. ಕೆಲವು ಕಂಪನಿ ಸ್ಟೀರಿಯೊಗಳು ಸಣ್ಣ ಸ್ಪೀಕರ್ ಹಾಳಾಗದಿರಲಿ ಅಂತ ಕೆಳಗಿನ ದನಿಯನ್ನು ಒಳಗೇ ಕತ್ತರಿಸಿಬಿಡುತ್ತವೆ. ಅದೇ ಇರಬೇಕು ಅಂದುಕೊಂಡು ಕನ್ವರ್ಟರ್ ಬದಲಾಯಿಸಿದೆ. ಅವರು ಮುಂದಿನ ವಾರ ಮತ್ತೆ ಬಂದರು. ಮುಂದಿನ ಸ್ಪೀಕರಿನಿಂದ ವೈರ್ ತೆಗೆದು ನೋಡಿದೆ. ಮತ್ತೆ ಬಂದರು. ವೂಫರಿನ ಪ್ಲಸ್ಸು ಮೈನಸ್ಸು ತಿರುಗಿಸಿ ಹಾಕಿದೆ. ಬೇರೆ ಬಾಕ್ಸ್ ಇಟ್ಟೆ. ಬೇರೆ ಯಾವ ಹಾಡು ಹಾಕಿದರೂ ಕಾರು ಗುಡುಗುತ್ತಿತ್ತು, ಅವರ ಕ್ಯಾಸೆಟ್ಟು ಹಾಕಿದರೆ ವೂಫರು ಸುಮ್ಮನಾಗುತ್ತಿತ್ತು. ಅವರು ಒಮ್ಮೆಯೂ ಗದರಲಿಲ್ಲ. "ಇನ್ನೊಂದ್ಸಲ ನೋಡು ರಾಜು, ನಾನು ನುಡಿಸಿದೀನಿ ಕಣಪ್ಪ" ಅನ್ನುವರು, ನಾನೇ ನಂಬುತ್ತಿಲ್ಲವೇನೋ ಅನ್ನುವ ಹಾಗೆ.

ಒಂದು ದಿನ ಹೆಂಡತಿಯನ್ನೂ ಕರೆದುಕೊಂಡು ಬಂದರು. ಹೊಸ ಬಾಕ್ಸ್ ಇಟ್ಟಿದ್ದೆವಲ್ಲ, ಈ ಸಲ ಬಂದೇ ಬರುತ್ತದೆ ಅನ್ನುವ ಧೈರ್ಯ ಅವರಿಗೆ. ಸರೋಜಮ್ಮ ಹೂ ಮುಡಿದು, ಮಡಿಲಲ್ಲಿ ಬ್ಯಾಗ್ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಮದುವೆ ಮನೆಗೆ ಹೊರಟವರಂತೆ ಕಾಣುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿದ್ದೆ. ಕ್ಯಾಸೆಟ್ಟು ಶುರುವಾಯಿತು.

"ಈಗಲ್ಲ, ಪಲ್ಲವಿ ಆದ್ಮೇಲೆ. ಕೊಳಲು ನಿಂತ್ಮೇಲೆ ನಾನು ಒಬ್ನೇ ಬರ್ತೀನಿ" ಅಂದರು ಸಾರ್. ಕೊಳಲು ನಿಂತಿತು. ಆ ಜಾಗದಲ್ಲಿ ಬರೀ ತಾಳದ ಸದ್ದು, ಅದರ ಜೊತೆ ಡೋಲಕ್ಕಿನ ತೆಳು ಏಟು.

"ಕೇಳಿಸ್ತಾ?"

ಸರೋಜಮ್ಮ ಗಂಡನ ಮುಖ ನೋಡಿದರು. "ಹೂಂ, ಕೇಳಿಸ್ತು. ಚೆನ್ನಾಗಿದೆ" ಅಂದರು.

"ಯಾವ್ದು?"

"ಅದೇ... ಟಕ ಟಕ ಅಂತ ಬಂತಲ್ಲ."

"ಅದು ಡೋಲಕ್ ಸರೋಜಾ" ಅಂದರು ಸಾರ್. ಹಾಗಂದು ಕೈ ಚಾಚಿ ಸ್ಟೀರಿಯೊ ಆರಿಸಿದರು. ಆಕೆ, "ಅದರ ಜೊತೇಲೂ ಬಂತಲ್ಲ, ಅದೂ ಕೇಳಿಸ್ತು" ಅಂತ ಇನ್ನೊಂದು ಮಾತು ಸೇರಿಸಿದರು. ಕಾರಿನೊಳಗೆ ಮೂರು ಜನ ಇದ್ದೆವು, ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮಾರನೇ ದಿನ ಇಂದಿರಾನಗರದ ಒಬ್ಬ ಗಿರಾಕಿಯ ಕಾರು ಬಂದಿತ್ತು. ಸ್ಟೀರಿಯೊದಿಂದ ಸ್ಪೀಕರಿನವರೆಗೆ ಎಲ್ಲಾ ಹೊರಗಿನ ಮಾಲು, ಬಹಳ ಒಳ್ಳೇದು. ಸೆಲ್ವರಾಜ್ ಸಾರ್ ಒಂದು ಕ್ಯಾಸೆಟ್ಟು ಅಂಗಡಿಯಲ್ಲೇ ಬಿಟ್ಟು ಹೋಗಿದ್ದರು. ಅದನ್ನು ಆ ಕಾರಿನಲ್ಲಿ ಹಾಕಿ, ಬಾಸಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಹಿಸ್ಸೆನ್ನುವ ಸದ್ದಿನ ಕೆಳಗೆ ಏನೂ ಇರಲಿಲ್ಲ. ಎರಡೂ ಕಡೆಯ ಎಲ್ಲಾ ಹಾಡನ್ನೂ ಕೇಳಿದೆ. ನನ್ನ ಕೆಲಸದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದಿದ್ದರೆ ಚೆನ್ನಾಗಿತ್ತು, ಸರಿಮಾಡಬಹುದಿತ್ತು ಅಂತ ಆವತ್ತು ಮೊದಲ ಸಲ ಅನ್ನಿಸಿತು.

ಆ ಕ್ಯಾಸೆಟ್ಟಿನ ರೆಕಾರ್ಡಿಂಗ್ ಮಾಡಿದ್ದವರು ಗೋಪಿ ಅಂತ ಅದರ ಕವರಿನ ಮೇಲೇ ಇತ್ತು. ಆ ಹೊತ್ತಿಗೆ ಸ್ಟುಡಿಯೊ ಮುಚ್ಚಿ, ಹಲಸೂರಿನಲ್ಲೇ ಶಾಮಿಯಾನ, ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಹುಡುಕಿಕೊಂಡು ಹೋದೆ. ಹಾರ್ನ್ ಸ್ಪೀಕರುಗಳ ರಾಶಿಯ ನಡುವೆ ಕೂತಿದ್ದರು. ವಿಷಯ ಕೇಳಿದಾಗ ಅವರಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಸೆಲ್ವಾನಾ? ನುಡಿಸಿದ್ದ, ಚೆನ್ನಾಗೇ ನುಡಿಸಿದ್ದ. ಆದ್ರೆ ಆ ಕ್ಯಾಸೆಟ್ ಹೋಗೋದೆಲ್ಲಿಗೆ ಹೇಳಿ? ದೇವಸ್ಥಾನದ ಹಾರ್ನಿಗೆ. ಹಾರ್ನಲ್ಲಿ ಬಾಸ್ ಇಟ್ರೆ ಮಾತೆಲ್ಲಾ ಕಲಸಿಹೋಗುತ್ತೆ, ಒದರುತ್ತೆ. ಕ್ಯಾಸೆಟ್ ಕಂಪನಿಯವರು ಅದನ್ನ ತೆಗೀರಿ ಅಂದ್ರು. ತೆಗೆದ್ವಿ. ಬಾಸೂ ಹೋಯ್ತು, ಡೋಲಕ್ಕಿನ ಎಡಗೈಯ ದಪ್ಪ ಸದ್ದೂ ಹೋಯ್ತು."

"ಮೊದಲಿನ ಟೇಪ್ ಇರ್ಬೇಕಲ್ಲ?"

"ಎಲ್ಲಿಂದ ಬರ್ಬೇಕು? ಅದೇ ಟೇಪಿನ ಮೇಲೆ ಇನ್ನೊಂದು ರೆಕಾರ್ಡ್ ಮಾಡಿದ್ವಿ. ಎಲ್ಲಾ ಸ್ಟುಡಿಯೊದಲ್ಲೂ ಹಾಗೇ" ಅಂದರು. ನಾನು ಎದ್ದಾಗ, "ಅವನಿಗೆ ಗೊತ್ತಿರ್ಲಿಲ್ವಾ ಪಾಪ" ಅಂತ ತಾವೂ ಎದ್ದು ನಿಂತರು.

ಅಂಗಡಿಗೆ ಬಂದು ರಫೀಕ್ ಭಾಯ್‌ಗೆ ಹೇಳಿದೆ. ಅವನು ಬಹಳ ಹೊತ್ತು ಗಡ್ಡ ನೀವಿಕೊಂಡ. "ಒಂದು ಕೆಲಸ ಮಾಡೋಣ. ನನಗೆ ಗೊತ್ತಿರೋ ಒಬ್ಬ ಇದಾನೆ, ಕಂಪ್ಯೂಟರ್‌ನಲ್ಲಿ ಹಾಡು ಸೇರಿಸ್ತಾನೆ. ಬೇರೆ ಯಾರ ಕೈಲಾದ್ರೂ ಬಾಸ್ ನುಡಿಸಿ ಇದರ ಕೆಳಗೆ ಹಾಕಿಸಿದ್ರೆ ಆಯ್ತು. ಬುಡ್ಡಾ ಖುಷಿಯಾಗಿ ಹೋಗ್ತಾನೆ, ಬೀಬಿನೂ ಖುಷಿ. ಯಾರಿಗೆ ಏನು ನಷ್ಟ?"

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೂ ಒಂದು ಗಳಿಗೆ ಸರಿ ಅನ್ನಿಸಿತು. ಆದರೆ ಆ ಕಾರಿನಲ್ಲಿ ಸಾರ್ ಹೇಳಿದ ಮಾತು ಕಿವಿಯಲ್ಲಿತ್ತು, ಕೊಳಲು ನಿಂತ್ಮೇಲೆ ನಾನು ಒಬ್ನೇ ಬರ್ತೀನಿ ಅಂತ.

"ಭಾಯ್, ಅವರ ಕೈ ಅವರಿಗೆ ಗೊತ್ತಾಗಲ್ವಾ?" ಅಂದೆ.

ರಫೀಕ್ ಭಾಯ್ ಆಮೇಲೆ ಆ ಮಾತು ಎತ್ತಲಿಲ್ಲ. "ಹಾಗಾದ್ರೆ ನೀನೇ ಹೇಳು. ನನ್ನಿಂದ ಆಗಲ್ಲ" ಅಂದ.

ಟ್ರಯಲ್ ನೋಡೋಣ ಸಾರ್ ಅಂತ ಅವರನ್ನು ಕೂರಿಸಿಕೊಂಡು ಹೊರಟೆ. ಹಲಸೂರು ಕೆರೆಯ ಪಕ್ಕ ಮರದ ನೆರಳಲ್ಲಿ ಕಾರು ನಿಲ್ಲಿಸಿದೆ. ಹೇಗೆ ಶುರುಮಾಡುವುದು ಗೊತ್ತಾಗಲಿಲ್ಲ. ಗೋಪಿ ಹೇಳಿದ್ದನ್ನೇ ಒಂದೊಂದಾಗಿ ಹೇಳಿದೆ.  ಎಲ್ಲಾ ಆದಮೇಲೆ ಅವರು ಕೇಳಿದರು:

"ಎಲ್ಲಾ ಹಾಡಲ್ಲೂನಾ?"

"ಎಲ್ಲಾದ್ರಲ್ಲೂ ಸಾರ್."

ಕೆರೆಯ ಕಡೆ ನೋಡುತ್ತಾ ಕೂತರು. ಆಮೇಲೆ ತಮ್ಮಷ್ಟಕ್ಕೇ ಅನ್ನುವಂತೆ ಹೇಳಿದರು: "ಪ್ರತಿ ವರ್ಷ ಅಮ್ಮನ ಹಬ್ಬಕ್ಕೆ ಈ ಕ್ಯಾಸೆಟ್ಟೇ ಹಾಕೋದು. ನಾನು ಹೋಗಿ ಹಾರ್ನ್ ಕಟ್ಟಿರೋ ಕಂಬದ ಕೆಳಗೆ ನಿಂತ್ಕೋತಿದ್ದೆ. ಹಾರ್ನಲ್ಲಿ ಬಾಸ್ ಬರಲ್ಲ ಅಂತ ನಂಗೇನು ಗೊತ್ತಿಲ್ವಾ? ಬರ್ದಿದ್ರೆ ಬೇಡ, ಒಳಗೆ ಇದೀನಲ್ಲ ಅಂತ ನಿಂತಿರ್ತಿದ್ದೆ."

 "ಬಾಕ್ಸು, ಆಂಪು ಎಲ್ಲಾ ತೆಗೆದುಬಿಡ್ಲಾ ಸಾರ್?" ಅಂದೆ.

"ಬೇಡ. ತೆಗೆದ್ರೆ ಸರೋಜ ಯಾಕೆ ಅಂತ ಕೇಳ್ತಾಳೆ. ಅವಳು ಕೇಳಿಸ್ತು ಅಂದಿದಾಳಲ್ಲ, ಪಾಪ, ಅದು ಹಾಗೇ ಇರ್ಲಿ. ಅವಳಿಗೆ ಮಾತ್ರ ಹೇಳ್ಬೇಡ." ನಾನು ಹೇಳಲ್ಲ ಅಂತ ಒಪ್ಪಿಕೊಂಡೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಹದಿನೈದು ದಿನವೋ ಏನೋ ಕಳೆದಿರಬೇಕು, ಸರೋಜಮ್ಮ ಒಬ್ಬರೇ ಅಂಗಡಿಗೆ ಬಂದರು. ಕೈಯಲ್ಲಿ ಮಾರ್ಕೆಟ್ಟಿನ ಚೀಲ, ಅದರಲ್ಲಿ ಹೂವು, ಸೊಪ್ಪು. ಸೊಪ್ಪಿನ ಅಡಿಯಿಂದ ಕ್ಯಾಸೆಟ್ಟು ತೆಗೆದು ಮೇಜಿನ ಮೇಲಿಟ್ಟರು.

"ಏನಪ್ಪಾ, ನಿಮ್ಮನ್ನ ಒಂದು ಮಾತು ಕೇಳ್ಬೇಕು, ನಗಬಾರದು. ಆವತ್ತು ನಾನು ಕೇಳಿಸ್ತು ಅಂದೆನಲ್ಲ, ಸುಳ್ಳು. ನಂಗೇನೂ ಗೊತ್ತಾಗ್ಲಿಲ್ಲ. ಇವ್ರು ಆವತ್ತಿಂದ ಮಾತು ಕಡಿಮೆ ಮಾಡಿದಾರೆ. ಬಾಸ್ ಅಂದ್ರೆ ಹೇಗಿರುತ್ತೆ ಅಂತ ನಂಗೆ ಸ್ವಲ್ಪ ಹೇಳ್ಕೊಡಿ. ಗೊತ್ತಾದ್ರೆ ಇವ್ರು ಎಲ್ಲಿ ಬರ್ತಾರೆ ಅಂತ ನಾನೇ ಹುಡುಕ್ತೀನಿ."

ತಮ್ಮ ಕಿವಿಯಲ್ಲೇ ಕೊರತೆ ಅಂದುಕೊಂಡಿದ್ದರು ಆಕೆ. ನಾನು ರಫೀಕ್ ಭಾಯ್ ಕಡೆ ನೋಡಿದೆ. ಅವನು ಬೇಕಂತಲೇ ಲೆಕ್ಕ ಬರೆಯುತ್ತಿರುವಂತೆ ತಲೆ ತಗ್ಗಿಸಿಕೊಂಡ. ಆಗಲ್ಲ ಅಂತ ಹೇಗೆ ಹೇಳುವುದು? ಅಂಗಡಿಯೊಳಗೆ ಗಿರಾಕಿಗಳಿಗೆ ಕೇಳಿಸಲು ಬ್ಯಾಟರಿಗೆ ಜೋಡಿಸಿಟ್ಟ ಒಂದು ವೂಫರ್ ಇತ್ತು. ಅದರ ಮುಂದೆ ಸ್ಟೂಲು ಹಾಕಿ ಕೂರಿಸಿ, ಟೆಸ್ಟ್ ಕ್ಯಾಸೆಟ್ಟು ಹಚ್ಚಿದೆ.

"ಅಮ್ಮ, ಹಾಡು ಕೇಳ್ಬೇಡಿ. ಹಾಡಿನ ಕೆಳಗೆ ಯಾರೋ ನಡೀತಿರ್ತಾರೆ. ಅವರ ಹೆಜ್ಜೆ ಕೇಳಿ. ಈ ಬಾಕ್ಸಿನ ಮೇಲೆ ಕೈ ಇಡಿ."

ಕೈ ಇಟ್ಟರು. ಮೊದಲು ಡ್ರಮ್ಮಿನ ಏಟಿಗೆ ತಲೆಯಾಡಿಸಿದರು. ಅದಲ್ಲ ಅಂದೆ. ವೂಫರಿನ ಸದ್ದು ತೆಗೆದು, ಮತ್ತೆ ಕೊಟ್ಟು, ಮತ್ತೆ ತೆಗೆದು ತೋರಿಸಿದೆ. ಮೂರನೆಯ ಹಾಡಿನ ಹೊತ್ತಿಗೆ ಆಕೆಯ ಮುಖ ಬದಲಾಯಿತು.

"ಇದಾ? ಮೇಲಿನ ಮನೇಲಿ ಯಾರೋ ಓಡಾಡಿದ ಹಾಗೆ?"

"ಅದೇ ಅಮ್ಮ."

"ಈಗ ನಿಂತ್ರು... ಈಗ ಮೆಟ್ಟಿಲಿಳಿದ್ರು..." ಅಂತ ಚಿಕ್ಕ ಹುಡುಗಿಯ ಹಾಗೆ ಬಾಕ್ಸಿನ ಮೇಲೆ ಬೆರಳು ಕುಟ್ಟತೊಡಗಿದರು. ಒಂದು ಸಲವೂ ತಪ್ಪಲಿಲ್ಲ. "ಇಷ್ಟೇನಾ! ಇದು ಕೇಳಿಸ್ತಾನೇ ಇರುತ್ತಲ್ಲಪ್ಪ. ಈಗ ಇವ್ರದ್ದು ಹಾಕಿ."

ಕ್ಯಾಸೆಟ್ಟು ಸಿಕ್ಕಿಹಾಕಿಕೊಂಡಿದೆ ಅನ್ನಬಹುದಿತ್ತು. ಕರೆಂಟು ಹೋಯಿತು ಅನ್ನಬಹುದಿತ್ತು. ಅವರ ಕೈ ಇನ್ನೂ ಬಾಕ್ಸಿನ ಮೇಲೇ ಇತ್ತು, ಕಣ್ಣು ಮುಚ್ಚಿದ್ದರು. ಹಾಕಿದೆ.

ಪಲ್ಲವಿ ಮುಗಿಯಿತು. ಕೊಳಲು ನಿಂತಿತು. ಬಾಕ್ಸಿನ ಮೇಲಿದ್ದ ಬೆರಳುಗಳು ಕಾಯುತ್ತಿದ್ದವು. ಹಾಡು ಮುಗಿದರೂ ಕಾಯುತ್ತಿದ್ದವು. ಎರಡನೆಯ ಹಾಡೂ ಮುಗಿಯಿತು.

"ಯಾರೂ ನಡೀತಿಲ್ಲ" ಅಂದರು ಸರೋಜಮ್ಮ.

ನಾನು ಕ್ಯಾಸೆಟ್ಟು ನಿಲ್ಲಿಸಿದೆ. ಆಕೆ ಕಣ್ಣು ತೆರೆದು ನನ್ನನ್ನೇ ನೋಡಿದರು. "ಇವ್ರಿಗೆ ಗೊತ್ತಾ?"

ಹೇಳುವುದಿಲ್ಲ ಅಂತ ಸಾರ್‌ಗೆ ಮಾತು ಕೊಟ್ಟಿದ್ದೆ. ಬಾಯಿ ಬಿಡಲಿಲ್ಲ, ಆದರೆ ತಲೆ ತಗ್ಗಿಸಿಬಿಟ್ಟೆ. ಆಕೆಗೆ ಅಷ್ಟು ಸಾಕಾಯಿತು. ಕ್ಯಾಸೆಟ್ಟನ್ನು ಸೆರಗಿನಲ್ಲಿ ಒರೆಸಿ ಚೀಲದೊಳಗೆ ಹಾಕಿಕೊಂಡು, "ನಾನು ಇಲ್ಲಿಗೆ ಬಂದಿದ್ದೆ ಅಂತ ಇವ್ರಿಗೆ ಹೇಳ್ಬೇಡಿ. ನಂಗೆ ಕೇಳಿಸಿದೆ ಅಂತ್ಲೇ ಅಂದ್ಕೊಂಡಿರ್ಲಿ" ಅಂದರು. ಅಂಗಡಿಯ ಮೆಟ್ಟಿಲಿಳಿದು, ಜನರ ನಡುವೆ ಮಾರ್ಕೆಟ್ಟಿನ ಕಡೆಗೆ ನಡೆದರು.

ಇದರಲ್ಲಿ ನನ್ನ ತಪ್ಪೇನಿತ್ತು ಅಂತ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಬ್ಬರೂ ಕೇಳಿದ ಹಾಗೇ ನಡೆದುಕೊಂಡೆ. ಆದರೆ ಆ ಸಣ್ಣ ಕಾರಿನಲ್ಲಿ ಅವರಿಬ್ಬರೂ ಅಕ್ಕಪಕ್ಕ ಕೂತು, ಒಬ್ಬರಿಗೋಸ್ಕರ ಒಬ್ಬರು ನಟಿಸುತ್ತಾ ಹೋಗುವುದನ್ನು ನೆನೆಸಿಕೊಂಡರೆ ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಂತುಬಿಡುತ್ತಿತ್ತು. ಸರ್ವಿಸಿಗೆ ಬಂದಾಗಲೆಲ್ಲ ಸಾರ್, "ಸರೋಜ ಆ ಕ್ಯಾಸೆಟ್ಟನ್ನ ಹಾಕಿ ಅಂತ ತಾನೇ ಕೇಳ್ತಾಳೆ ರಾಜು" ಅನ್ನುವರು. ಸಂತೋಷವೂ ಅಲ್ಲ, ದುಃಖವೂ ಅಲ್ಲ, ಹಾಗೊಂದು ಮುಖ. ನಾನು ಫ್ಯೂಸ್ ನೋಡುವ ನೆಪದಲ್ಲಿ ಬಾನೆಟ್ಟಿನೊಳಗೆ ಬಗ್ಗಿಬಿಡುತ್ತಿದ್ದೆ.

ಕೆಲವು ವರ್ಷಗಳಲ್ಲಿ ಕ್ಯಾಸೆಟ್ಟು ಹೋಯಿತು, ಸಿಡಿ ಬಂತು, ಆಮೇಲೆ ಬೆರಳಷ್ಟು ಉದ್ದದ ಪೆನ್ ಡ್ರೈವು. ರಫೀಕ್ ಭಾಯ್ ಕಾಲುನೋವು ಅಂತ ಶಟರು ಎಳೆದು ಮನೆಯಲ್ಲಿ ಕೂತ. ನಾನು ಇಂದಿರಾನಗರದ ಒಂದು ದೊಡ್ಡ ಅಂಗಡಿ ಸೇರಿದೆ. ಅಲ್ಲಿ ಗಿರಾಕಿ ಗಾಜಿನ ಆಚೆ ಸೋಫಾದಲ್ಲಿ ಕೂರುತ್ತಾನೆ, ನಾವು ಈಚೆ ಕೆಲಸ ಮಾಡುತ್ತೇವೆ. ಅವನು ಯಾವ ಹಾಡು ಕೇಳುತ್ತಾನೆ, ಯಾಕೆ ಕೇಳುತ್ತಾನೆ ಅಂತ ಕೇಳುವ ಹಾಗಿಲ್ಲ. ಸೆಲ್ವರಾಜ್ ಸಾರ್ ಕಾರು ಆ ಅಂಗಡಿಗೆ ಬರಲಿಲ್ಲ.

ಅವರನ್ನು ಮತ್ತೆ ನೋಡಿದ್ದು ಒಂದು ನವೆಂಬರಿನಲ್ಲಿ. ಕೆಲಸ ಮುಗಿಸಿ ಹಲಸೂರಿನ ಮೇಲೆ ಬರುತ್ತಿದ್ದೆ. ದೀಪ ಹಚ್ಚುವ ಹೊತ್ತು. ಬೀದಿಗೆ ಅಡ್ಡಲಾಗಿ ಸ್ಟೇಜು ಹಾಕಿ, ಕೆಂಪು ಹಳದಿ ಬಾವುಟ ಕಟ್ಟಿ, ರಾಜ್ಯೋತ್ಸವದ ಆರ್ಕೆಸ್ಟ್ರಾ ನಡೆಯುತ್ತಿತ್ತು. ಆ ಹೊತ್ತಿಗೆ ಆರ್ಕೆಸ್ಟ್ರಾಗಳೇ ಅಪರೂಪ ಆಗಿದ್ದವು. ಸ್ಕೂಟರು ನಿಲ್ಲಿಸಿ ನಿಂತೆ. ಜನರ ಅಂಚಿನಲ್ಲಿ, ಮುಚ್ಚಿದ ದಿನಸಿ ಅಂಗಡಿಯ ಜಗುಲಿಯ ಮುಂದೆ ಅವರಿಬ್ಬರೂ ನಿಂತಿದ್ದರು. ಸಾರ್ ತಲೆಯೆಲ್ಲಾ ಬೆಳ್ಳಗಾಗಿತ್ತು. ಸ್ಟೇಜಿನ ಹಿಂದಿನ ಸಾಲಿನಲ್ಲಿ, ಡ್ರಮ್ಮಿನ ಪಕ್ಕ, ಒಬ್ಬ ಬಾಸ್ ಗಿಟಾರ್ ನುಡಿಸುತ್ತಿದ್ದ.

ಹತ್ತಿರ ಹೋದೆ. ಅವರು ನನ್ನನ್ನು ನೋಡಲಿಲ್ಲ. ಸರೋಜಮ್ಮ ಗಂಡನ ಎಡಗೈ ಹಿಡಿದುಕೊಂಡಿದ್ದರು. ಮಡಿಸಲಾಗದ ಆ ಬೆರಳುಗಳ ಮೇಲೆ ತಮ್ಮ ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ತಾಳಕ್ಕಲ್ಲ, ಹಾಡಿಗೂ ಅಲ್ಲ. ಬಾಸ್ ನಡೆದ ಕಡೆ ನಡೆಯುತ್ತಾ, ನಿಂತ ಕಡೆ ನಿಲ್ಲುತ್ತಾ. ಸಾರ್ ಮೊದಲು ಸ್ಟೇಜು ನೋಡುತ್ತಿದ್ದವರು, ಆಮೇಲೆ ತಮ್ಮ ಕೈ ನೋಡಿಕೊಂಡರು, ಆಮೇಲೆ ಹೆಂಡತಿಯ ಮುಖ ನೋಡಿದರು.

ಅವರು ತಮ್ಮೊಳಗೆ ತಮಿಳಿನಲ್ಲಿ ಮಾತಾಡಿಕೊಂಡರು. ದೊಮ್ಮಲೂರಿನಲ್ಲಿ ಬೆಳೆದ ನನಗೆ ಅದು ಅರ್ಥವಾಗುತ್ತದೆ, ಕನ್ನಡದಲ್ಲೇ ಬರೆಯುತ್ತೇನೆ.

"ನಿಂಗೆ ಇದು ಕೇಳಿಸುತ್ತಾ?" ಅಂದರು ಸಾರ್.

"ಕೇಳಿಸುತ್ತೆ. ಕ್ಯಾಸೆಟ್ಟಲ್ಲಿ ನೀವಿಲ್ಲ ಅನ್ನೋದೂ ಗೊತ್ತು."

 ಸ್ಟೇಜಿನ ಮೇಲೆ ಹಾಡು ಮುಗಿದು ಜನ ಚಪ್ಪಾಳೆ ತಟ್ಟಿದರು. ಆ ಸದ್ದು ಇಳಿದಮೇಲೆ ಸರೋಜಮ್ಮ, ಗಂಡನ ಕಡೆ ತಿರುಗದೆ, "ನೀವು ನುಡಿಸ್ತಿದ್ದಾಗ ನಾನು ಬರ್ಬೇಕಾಗಿತ್ತು" ಅಂದರು.

"ಬಾ ಅಂತ ನಾನು ಕರೀಲೇ ಇಲ್ವಲ್ಲ ಸರೋಜಾ" ಅಂದರು ಸಾರ್.

ನಾನು ಮಾತಾಡಿಸದೆ ಹಿಂದಕ್ಕೆ ಬಂದೆ. ಮುಂದಿನ ಹಾಡು ಶುರುವಾಗಿತ್ತು. ಅವರು ಇನ್ನೂ ಹಾಗೇ ನಿಂತಿದ್ದರು.